ಮೂರರ ಪಕ್ಕದ ಎಂಟು

ಆ ಕಂಪ್ಯೂಟರ್ ಮಾರುಕಟ್ಟೆಯ ಎರಡನೇ ಮಹಡಿಯಲ್ಲಿ ಆಕೆಯನ್ನು ಹೆತ್ತವರು ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ನೋಡಕ್ಕ. ಈ ಮೆಮೊರಿ ಆ ಬೋರ್ಡಿಗೆ ಹೊಂದುತ್ತದೆಯೇ, ಈ ಫ್ಯಾನು ಸದ್ದು ಮಾಡುತ್ತದೆಯೇ ಎಂದು ಯಾರು ಏನೇ ಕೇಳಲಿ, ಆಕೆಯ ಮೊದಲ ಮಾತು "ತಾಳಿ, ನೋಡೋಣ". ಹೌದು ಎನ್ನಲೂ ಆತುರವಿಲ್ಲ, ಇಲ್ಲ ಎನ್ನಲೂ ಆತುರವಿಲ್ಲ. ಗಿರಾಕಿಗಳಲ್ಲಿ ಕೆಲವರು ಇದಕ್ಕೆ ಮೂಗು ಮುರಿಯುತ್ತಿದ್ದರು. "ಒಂದು ಸ್ಕ್ರೂ ತಗೊಳ್ಳೋಕೂ ಇಲ್ಲಿ ಪರೀಕ್ಷೆ ಬರೀಬೇಕಲ್ಲಪ್ಪಾ" ಎಂದು ಗೊಣಗುತ್ತಲೇ ಮುಂದಿನ ಸಲವೂ ಅಲ್ಲಿಗೇ ಬರುತ್ತಿದ್ದರು.

ಅಂಗಡಿ ಅಣ್ಣ ತಂಗಿ ಇಬ್ಬರದು. ಅಣ್ಣ ಮುಂದಿನ ಕೌಂಟರಿನಲ್ಲಿ. ಮಾತಿನ ಮಲ್ಲ, ಮೌಸ್ ಕೇಳಲು ಬಂದವನಿಗೆ ಕೀಬೋರ್ಡನ್ನೂ ಮಾರಿ ಕಳಿಸುವವನು. ಅಕ್ಷರ ಮಾತ್ರ ಮುತ್ತಿನಂಥದ್ದು. ನೋಡಕ್ಕ ಹಿಂದಿನ ಕೋಣೆಯಲ್ಲಿ. ಅಲ್ಲಿ ರಬ್ಬರ್ ಹಾಸಿದ ಉದ್ದನೆಯ ಮೇಜು, ಕತ್ತು ಬಗ್ಗಿಸುವ ದೀಪ, ಅದಕ್ಕೇ ಅಂಟಿಕೊಂಡ ಭೂತಗನ್ನಡಿ. ಮಂಜುಗಡ್ಡೆ ಮಾಡುವ ಹಳೆಯ ತಟ್ಟೆಯ ಗುಳಿಗಳಲ್ಲಿ ಅಳತೆಯ ಪ್ರಕಾರ ಸ್ಕ್ರೂಗಳು. ಗೋಡೆಯುದ್ದಕ್ಕೂ ಥರ್ಮಕೋಲು, ರಟ್ಟಿನ ಪೆಟ್ಟಿಗೆಗಳು. ಕೆಲಸಕ್ಕೆ ಕೂತರೆ ಮೊದಲು ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಮೈಯಲ್ಲಿರುವ ವಿದ್ಯುತ್ತಿನ ಒಂದು ಕಿಡಿ ಸಾಕು, ಚಿಪ್ ಸದ್ದಿಲ್ಲದೆ ಸತ್ತುಹೋಗುತ್ತದೆ. ಹಾಗೆ ಕಟ್ಟಿಕೊಂಡೇ ಮರೆತು ಎದ್ದು, ಮೇಜಿಗೆ ಸಿಕ್ಕಿಹಾಕಿಕೊಂಡು ಹಿಂದಕ್ಕೆ ಜಗ್ಗಿಸಿಕೊಳ್ಳುವುದು ದಿನಕ್ಕೊಮ್ಮೆಯಾದರೂ ನಡೆಯುತ್ತಿತ್ತು. "ಕಟ್ಟಿಹಾಕಿದ್ರೂ ನಿಲ್ಲೋಳಲ್ಲ ಇವಳು" ಎಂದು ಅಣ್ಣ ನಗುತ್ತಿದ್ದ.

ಆಕೆಗೆ ಇನ್ನೊಂದು ಪದ್ಧತಿಯಿತ್ತು. ಜೋಡಿಸಿದ ಯಂತ್ರ ಅಂಗಡಿ ಬಿಡುವ ಮೊದಲು ಅದರ ಪಕ್ಕದ ತಗಡನ್ನು ಬಿಚ್ಚಿ, ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಎರಡು ಸಾಲು ಬರೆಯುತ್ತಿದ್ದಳು. ಒಂದರ ಆರಂಭ "ನೋಡಿದೆ", ಇನ್ನೊಂದರ ಆರಂಭ "ನೋಡಿಲ್ಲ". ತಾನು ಕಣ್ಣಾರೆ ಪರೀಕ್ಷಿಸಿದ್ದು ಮೊದಲನೆಯದರಲ್ಲಿ, ಪರೀಕ್ಷಿಸಲು ಆಗದೆ ಉಳಿದದ್ದು ಎರಡನೆಯದರಲ್ಲಿ. ಇದು ಅಪ್ಪನಿಂದ ಬಂದದ್ದು. ಅಪ್ಪ ಲಿಫ್ಟ್ ರಿಪೇರಿಯವನು. ದೊಡ್ಡ ಕಟ್ಟಡಗಳ ತುದಿಯ ಯಂತ್ರದ ಕೋಣೆಯಲ್ಲಿ, ಕಂಟ್ರೋಲ್ ಪೆಟ್ಟಿಗೆಯ ಬಾಗಿಲ ಒಳಗೆ, ಸೀಸದ ಕಡ್ಡಿಯಲ್ಲಿ ಹೀಗೇ ಬರೆಯುತ್ತಿದ್ದ: ಬ್ರೇಕು ನೋಡಿದೆ, ಹಗ್ಗ ನೋಡಿದೆ, ಗುಂಡಿಯ ತಳದ ಬಫರ್ ಸ್ಪ್ರಿಂಗು ನೋಡಿಲ್ಲ. ಮೇಲಿನವರು ಬೈದರಂತೆ, ನೋಡಿಲ್ಲ ಅಂತ ಯಾಕೆ ಬರೀತೀಯಾ, ಸುಮ್ಮನೆ ಬಿಡಬಾರದಾ ಎಂದು. "ಸುಮ್ಮನೆ ಬಿಟ್ರೆ ಮುಂದೆ ಬರೋನು ನಾನು ನೋಡಿದೀನಿ ಅಂದ್ಕೋತಾನೆ" ಎಂದಿದ್ದನಂತೆ ಅಪ್ಪ. ಡಿಪ್ಲೊಮಾದಲ್ಲಿ ಎಷ್ಟೋ ಸೂತ್ರ ಓದಿದ ನೋಡಕ್ಕ, ಕೆಲಸಕ್ಕೆ ಬಂದ ಮೇಲೆ ಗಟ್ಟಿಯಾಗಿ ಹಿಡಿದುಕೊಂಡದ್ದು ಈ ಮಾತನ್ನು. ಮಾರುಕಟ್ಟೆಯಲ್ಲಿ ನೋಡಕ್ಕನ "ನೋಡಿದೆ" ಎಂಬ ಮಾತಿಗೆ ಒಂದು ತೂಕ ಬಂದಿತ್ತು. ಅಂಗಡಿ ನಿಂತದ್ದೇ ಆ ತೂಕದ ಮೇಲೆ.

ಆ ವರ್ಷ ಹೊಸ ಸ್ಲಾಟಿನ ಗದ್ದಲ ಶುರುವಾಯಿತು. ಮದರ್‌ಬೋರ್ಡಿನ ಮೇಲೆ ಗ್ರಾಫಿಕ್ಸ್ ಕಾರ್ಡು ಸಿಕ್ಕಿಸುವ ಉದ್ದನೆಯ ಸ್ಲಾಟ್ ಇರುತ್ತದಲ್ಲ, ಅದರ ಮೂರನೇ ತಲೆಮಾರು ಬರುತ್ತಿದೆ, ಎರಡನೆಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ವೇಗ ಎಂದು ಸುದ್ದಿ. ಅದಕ್ಕೆ ಬೇಕಾದ ಪ್ರೊಸೆಸರ್ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ, ಕಾರ್ಡುಗಳು ಅಲ್ಲೊಂದು ಇಲ್ಲೊಂದು. ಆದರೆ ಬೋರ್ಡು ಮಾರುವವರು ಕಾಯುತ್ತಾರೆಯೇ? ಹಸಿರು ಪೆಟ್ಟಿಗೆಯಲ್ಲಿ ಬೋರ್ಡು ಮಾರುವ ಕಂಪನಿ, ನಮ್ಮ ಎಲ್ಲ ಬೋರ್ಡುಗಳೂ ಈಗಲೇ ಮೂರನೇ ತಲೆಮಾರಿಗೆ ಸಿದ್ಧ ಎಂದು ಘೋಷಿಸಿತು. ಕೆಂಪು ಪೆಟ್ಟಿಗೆಯವರು ಸುಮ್ಮನಿರಲಿಲ್ಲ. ಹಸಿರಿನವರ ಬೋರ್ಡಿನಲ್ಲಿ ಸ್ಲಾಟುಗಳಿಗೆ ಮಾಹಿತಿ ಓಡುವ ದಾರಿ ಹಂಚುವ ಚಿಪ್‌ಗಳು ಹಳೆಯವು, ಅವರು ಹೇಳುವುದೆಲ್ಲ ಬುರುಡೆ ಎಂದರು. ಹಸಿರಿನವರು ಪರದೆಯ ಚಿತ್ರವೊಂದನ್ನು ಸಾಕ್ಷಿಗೆ ತೋರಿಸಿದರು. ಕೆಂಪಿನವರು ಇನ್ನೊಂದು ಚಿತ್ರ ತೋರಿಸಿದರು. ಎರಡನ್ನೂ ನೋಡಿದ ಗಿರಾಕಿಗೆ ಮೊದಲಿದ್ದ ಅರಿವೂ ಹೋಯಿತು.

ಹಸಿರು ಕಂಪನಿಯ ಪ್ರತಿನಿಧಿ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಎಂಥ ಸೆಕೆಯಲ್ಲೂ ಕೊರಳಪಟ್ಟಿ ಬಿಚ್ಚದವನಾದ್ದರಿಂದ ಅವನಿಗೆ ಟೈ ಸಾಹೇಬ ಎಂದು ಹೆಸರು. ಕೈಯಲ್ಲಿ ಹೊಳೆಯುವ ಸ್ಟಿಕರಿನ ಸುರುಳಿ: "ಹೊಸ ಸ್ಲಾಟಿಗೆ ಸಿದ್ಧ". ಇವನ್ನು ಅಂಗಡಿಯಲ್ಲಿರುವ ಎಲ್ಲ ಹಸಿರು ಪೆಟ್ಟಿಗೆಗಳಿಗೂ ಅಂಟಿಸಬೇಕು. ಅಂಟಿಸಿದರೆ ಇಡೀ ಮಾರುಕಟ್ಟೆಗೆ ನೀವೇ ಮುಖ್ಯ ವಿತರಕರು ಎಂದ. ಅಣ್ಣನ ಕಣ್ಣು ಅರಳಿತು.

"ಅಂಟಿಸೋಕೆ ಎಷ್ಟು ಹೊತ್ತು ಬೇಕು ಮೇಡಂ?" ಎಂದ ಟೈ ಸಾಹೇಬ, ಹಿಂದಿನ ಕೋಣೆಗೆ ಇಣುಕಿ.

"ಅಂಟಿಸೋಕೆ ಹೊತ್ತು ಬೇಡ ಸಾರ್. ಕೀಳೋಕೆ ಬೇಕು."

"ಅಲ್ಲಾ ಮೇಡಂ, ಕಂಪನಿಯೇ ಹೇಳ್ತಿದೆಯಲ್ಲಾ?"

"ನಿಮ್ಮ ಕಂಪನಿ ಹೌದು ಅಂತಿದೆ, ಅವರ ಕಂಪನಿ ಇಲ್ಲ ಅಂತಿದೆ. ಇಬ್ರೂ ನನಗೆ ಸೋದರಮಾವಂದಿರಲ್ಲ, ಯಾರ ಮಾತು ನಂಬ್ಲಿ? ಒಂದು ಪ್ರೊಸೆಸರ್ ಕೊಟ್ಟು ಹೋಗಿ. ನೋಡ್ತೀನಿ. ಕಂಡ್ರೆ ನಾನೇ ಅಂಟಿಸ್ತೀನಿ."

ಟೈ ಸಾಹೇಬನ ಚೀಲದಲ್ಲಿ ಹೊಸ ಪ್ರೊಸೆಸರಿನ ಮಾದರಿ ಇತ್ತು. ತೆಗೆದು ಮೇಜಿನ ಮೇಲಿಟ್ಟ. ತನ್ನ ಬೋರ್ಡಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಕಾರ್ಡು ಮಾತ್ರ ಅವತ್ತು ಅವನ ಬಳಿ ಇರಲಿಲ್ಲ.

ಕಾರ್ಡು ತಂದವರು ನೀರಿನ ಮೇಡಂ. ಮಳೆ ಜೋರಾದರೆ ಯಾವ ಬೀದಿಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿ ಅವರದು. ಲೆಕ್ಕದ ಭಾರ ಹೊರುವುದು ಗ್ರಾಫಿಕ್ಸ್ ಕಾರ್ಡುಗಳು. ಒಂದೊಂದರಲ್ಲೂ ಎರಡೆರಡು ಕಾರ್ಡು ಇರುವ ಮೂರು ಯಂತ್ರ ಬೇಕಿತ್ತು. ಹೊಸ ತಲೆಮಾರಿನ ಕಾರ್ಡೊಂದನ್ನು ಹೇಗೋ ತರಿಸಿಕೊಂಡಿದ್ದರು.

"ಈಗ ತಗೊಂಡ ಬೋರ್ಡು ನಾನು ವರ್ಷಗಟ್ಟಲೆ ಇಟ್ಕೋಬೇಕು. ಹೊಸ ವೇಗ ನಿಜವಾಗ್ಲೂ ಸಿಗುತ್ತಾ? ಅಂತರ್ಜಾಲದಲ್ಲಿ ಓದಿ ಓದಿ ತಲೆ ಕೆಟ್ಟುಹೋಯ್ತು. ನೀವು ಏನು ಹೇಳ್ತೀರೋ ಅದೇ ನನಗೆ ಕೊನೇ ಮಾತು" ಎಂದು ಕಾರ್ಡನ್ನು ಆಕೆಯ ಕೈಗಿಟ್ಟು ಹೋದರು.

ನೋಡಕ್ಕ ಹಸಿರು ಪೆಟ್ಟಿಗೆಯ ಒಂದು ಬೋರ್ಡನ್ನು ದೀಪದ ಕೆಳಗೆ ಇಟ್ಟಳು. ಮೊದಲ ಮತ್ತು ಎರಡನೇ ಸ್ಲಾಟಿನ ನಡುವೆ, ಬೆರಳ ಉಗುರಿಗಿಂತ ಚಿಕ್ಕ ನಾಲ್ಕು ಚಿಪ್‌ಗಳು ಸಾಲಾಗಿ ಕೂತಿದ್ದವು. ಭೂತಗನ್ನಡಿಯಲ್ಲಿ ಅವುಗಳ ಬೆನ್ನ ಮೇಲಿನ ಸಂಖ್ಯೆ ಓದಿ, ಚಿಪ್ ಮಾಡುವವರ ವಿವರ ತೆಗೆದು ನೋಡಿದಳು. ಎರಡನೇ ತಲೆಮಾರಿನವು. ಕೆಂಪಿನವರು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆಕೆಯ ಮನಸ್ಸು ಆಗಲೇ ಒಂದು ಕಡೆಗೆ ವಾಲಿತು. ಅದು ಆಕೆಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. "ಇನ್ನೂ ನೋಡ್ತಾನೇ ಇದೀಯೇನೇ? ಕೆಳಗಿನ ಮಹಡಿ ಅಂಗಡಿಯವನು ಅಂಟಿಸಿ ಕೈ ತೊಳ್ಕೊಂಡ. ನಾವು ಭೂತಗನ್ನಡಿ ಹಿಡ್ಕೊಂಡು ಕೂತಿದೀವಿ."

"ಅಂಟಿಸ್ಲಿ ಬಿಡು. ಬಿದ್ದಾಗ ಅವನದೇ ಮೂಗು."

ಪ್ರೊಸೆಸರ್ ಕೂರಿಸಿದಳು, ಕಾರ್ಡು ಸಿಕ್ಕಿಸಿದಳು, ಕಾರ್ಡಿನ ವಿವರ ತೋರಿಸುವ ಪುಟ್ಟ ಪ್ರೋಗ್ರಾಂ ತೆರೆದಳು. ತಲೆಮಾರು ತೋರಿಸುವ ಜಾಗದಲ್ಲಿ ಇದ್ದ ಅಂಕಿ ಒಂದು.

"ಅಣ್ಣಾ, ಬಾ ಇಲ್ಲಿ! ಮೂರೂ ಇಲ್ಲ, ಎರಡೂ ಇಲ್ಲ. ಒಂದು! ಹೊಸದು ಹಾಳಾಗ್ಲಿ, ಹಳೇದಕ್ಕಿಂತ ಹಳೇದು ತೋರಿಸ್ತಿದೆ ಇದು!"

ಯಾವುದನ್ನು ಪರೀಕ್ಷಿಸಿದರೂ ಸರಿಯಾಗಿದೆ ಎಂದು ಗೊತ್ತಿರುವ ಇನ್ನೊಂದನ್ನು ಪಕ್ಕಕ್ಕಿಟ್ಟು ಹೋಲಿಸುವುದು ಆಕೆಯ ರೂಢಿ. ಅದೇ ಕಾರ್ಡನ್ನು ಬೇರೊಂದು ಬೋರ್ಡಿಗೆ ಹಾಕಿ ನೋಡಬೇಕಿತ್ತು. ಅವತ್ತು ಹಾಕಲಿಲ್ಲ. ಬೇಕಾದ ಉತ್ತರ ಬೇಕಾದ ಹೊತ್ತಿಗೆ ಸಿಕ್ಕಿತ್ತು. ಒಂದು ಎಂಬ ಅಂಕಿ ಅಷ್ಟು ಕಡಿಮೆ ಇದ್ದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಅದು ಆಕೆಗೆ ಖುಷಿಗೆ ಕಾರಣವಾಯಿತು. ರಟ್ಟಿನ ತುಂಡೊಂದರ ಮೇಲೆ ತನ್ನ ಕಾಗೆಕಾಲಿನ ಅಕ್ಷರದಲ್ಲಿ "ಈ ಹಸಿರು ಬೋರ್ಡುಗಳಲ್ಲಿ ಹೊಸ ಸ್ಲಾಟಿನ ವೇಗ ಇಲ್ಲ. ನೋಡಿದೆ" ಎಂದು ಬರೆದು ಕೌಂಟರಿನ ಮೇಲೆ ತೂಗುಹಾಕಿದಳು. ನೀರಿನ ಮೇಡಂಗೆ ಫೋನು ಮಾಡಿ ಹೇಳಿದಳು. ಹಾಗಾದರೆ ಕೆಂಪಿನವರದನ್ನೇ ತಗೋತೀನಿ ಎಂದರು ಅವರು.

ರಟ್ಟಿನ ಫೋಟೊ ತೆಗೆದವನು ಕೆಂಪು ಕಂಪನಿಯ ಒಬ್ಬ ಮಾರಾಟಗಾರ. ವ್ಯಾಪಾರಿಗಳು ಮಾತಾಡಿಕೊಳ್ಳುವ ಅಂತರ್ಜಾಲದ ವೇದಿಕೆಯಲ್ಲಿ ಅದನ್ನು ಹಾಕಿ, ಕೆಳಗೆ "ನೋಡಕ್ಕ ನೋಡಿದ ಮೇಲೆ ಮುಗೀತು" ಎಂದು ಬರೆದ. ಮಾರುಕಟ್ಟೆಯ ತುಂಬ ಅದೇ ಮಾತಾಯಿತು. ಮೆಟ್ಟಿಲಲ್ಲಿ ಎದುರಾದವರೆಲ್ಲ ಆಕೆಯ ಬೆನ್ನು ತಟ್ಟಿದರು.

ಟೈ ಸಾಹೇಬ ಧುಮುಗುಡುತ್ತ ಹಿಂದಿನ ಕೋಣೆಗೇ ಬಂದ. ಕೊರಳಪಟ್ಟಿ ಓರೆಯಾಗಿತ್ತು. ಅಂದರೆ ಸಿಟ್ಟು ಸಾಮಾನ್ಯದ್ದಲ್ಲ.

"ಆ ರಟ್ಟು ನೀವೇ ಬರೆದಿದ್ದಾ ಮೇಡಂ?"

"ನಾನೇ."

"ಕಾರ್ಡು ಏನು ಮಾಡ್ತಿದ್ದಾಗ ನೋಡಿದ್ರಿ?"

"ಮಾಡೋದೇನು ಸಾರ್? ಸಿಕ್ಕಿಸಿದೆ, ಆನ್ ಮಾಡಿದೆ, ನೋಡಿದೆ."

"ಅದು ಮಲಗಿತ್ತು ಮೇಡಂ! ಈ ಹೊಸ ಕಾರ್ಡುಗಳು ಕೆಲಸ ಇಲ್ದಾಗ ಕರೆಂಟು ಉಳಿಸೋಕೆ ಮೊದಲನೇ ತಲೆಮಾರಿನ ವೇಗಕ್ಕೆ ಇಳೀತಾವೆ. ಕೆಲಸ ಕೊಟ್ಟು ನೋಡಿ."

ಅವನೇ ಬಗ್ಗಿ, ಪರದೆಯ ಮೇಲೆ ಗೋಲವೊಂದು ಗಿರಗಿರನೆ ತಿರುಗುವ ಚಿತ್ರ ಓಡಿಸಿದ. ಕಾರ್ಡಿನ ಫ್ಯಾನು ಸುಯ್ಯೆಂದಿತು. ಒಂದು ಇದ್ದ ಜಾಗದಲ್ಲಿ ಮೂರು ಬಂತು.

ಸದ್ದು ಕೇಳಿ ಒಳಬಂದ ಅಣ್ಣನೂ ಆ ಮೂರನ್ನು ನೋಡಿದ. ನೋಡಕ್ಕನ ಮುಖಕ್ಕೆ ರಕ್ತ ನುಗ್ಗಿತು. ಎದ್ದು ಹೊರಟವಳನ್ನು ಮಣಿಕಟ್ಟಿನ ಪಟ್ಟಿ ಹಿಂದಕ್ಕೆ ಎಳೆಯಿತು. ಬಿಚ್ಚಿ, ಹೊರಗೆ ಹೋಗಿ, ರಟ್ಟನ್ನು ತಾನೇ ಇಳಿಸಿದಳು.

"ತಪ್ಪಾಯ್ತು ಸಾರ್" ಎಂದಳು.

"ಮೇಡಂ, ನಿಮ್ಮ ಮೇಲೆ ನನಗೆ ಗೌರವ ಇದೆ. ಈಗ್ಲಾದ್ರೂ ಸ್ಟಿಕರ್ ಅಂಟಿಸಿ." ಅವನ ದನಿಯೂ ಮೆತ್ತಗಾಗಿತ್ತು. ಸುರುಳಿಯನ್ನು ಕೌಂಟರಿನ ಮೇಲಿಟ್ಟು ಹೋದ.

ಅಣ್ಣ ಸುರುಳಿ ಬಿಡಿಸತೊಡಗಿದ. "ಆಯ್ತಲ್ಲ, ಕಂಡಾಯ್ತು. ಕಂಡ್ರೆ ನಾನೇ ಅಂಟಿಸ್ತೀನಿ ಅಂತ ನೀನೇ ಅಂದಿದ್ದೆಯಲ್ಲ."

"ನಾಳೆವರೆಗೆ ಮುಟ್ಬೇಡ."

"ಇನ್ನೇನೇ ನಾಳೆ?"

"ಇವತ್ತು ನಾನು ನೋಡಲಿಲ್ಲ ಅಣ್ಣ. ಅವರು ತೋರಿಸಿದ್ರು, ನಾನು ತಲೆ ತಗ್ಗಿಸಿದೆ, ಅಷ್ಟೇ. ತಲೆ ತಗ್ಗಿಸ್ಕೊಂಡು ಯಾರಾದ್ರೂ ನೋಡೋಕಾಗುತ್ತಾ?"

ಸಂಜೆ ಮನೆಯಲ್ಲಿ ಅಪ್ಪ ಟೇಬಲ್ ಫ್ಯಾನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಕೆಲಸದಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಸುತ್ತುವ ಯಾವ ವಸ್ತುವಿಗೂ ನೆಮ್ಮದಿಯಿರಲಿಲ್ಲ. ನೋಡಕ್ಕ ಚಪ್ಪಲಿ ಬಿಡುವ ಮೊದಲೇ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಕೇಳಿ ಮುಗಿಸಿ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ ಪುಟ್ಟಿ, ನಿಂತಿರೋ ಲಿಫ್ಟಿಗೆ ವೇಗ ಎಷ್ಟು ಅಂತ ಅಳೆದು ಬಂದೆಯಲ್ಲೇ!"

ನಲವತ್ತು ದಾಟಿದ ಪುಟ್ಟಿಗೂ ನಗು ಬಂತು. ನಕ್ಕ ಮೇಲೆ ಎದೆ ಸ್ವಲ್ಪ ಹಗುರಾಯಿತು.

"ಇನ್ಮೇಲೆ ನನ್ನ ನೋಡಿದೆ ಅನ್ನೋ ಮಾತನ್ನ ಯಾರು ನಂಬ್ತಾರಪ್ಪಾ?"

"ನಂಬೋದು ಅವರ ಕೆಲಸ. ನೋಡೋದು ನಿಂದು. ಓಡ್ತಿರೋ ಲಿಫ್ಟು ನೋಡಿದ್ಯಾ?"

"ಆ ಸಾಹೇಬ ತೋರಿಸ್ದ. ಮೂರು ಬಂತು."

"ವೇಗ ನೋಡ್ದೆ. ಭಾರ?" ಎಂದು ಕೇಳಿ ಅಪ್ಪ ಮತ್ತೆ ಫ್ಯಾನಿನೊಳಗೆ ಕೈ ಹಾಕಿದ. ಜೋರಾಗಿ ಓಡುವ ಲಿಫ್ಟು ಎಷ್ಟು ಜನರನ್ನು ಹೊತ್ತು ಓಡುತ್ತದೆ ಎಂಬುದು ಅವನಿಗೆ ಯಾವತ್ತಿನ ಪ್ರಶ್ನೆ; ವಿಶೇಷವಾಗಿ ಏನನ್ನೋ ಸೂಚಿಸಲು ಕೇಳಿದ್ದಲ್ಲ. ಆದರೆ ಅದು ನೋಡಕ್ಕನ ತಲೆಯಲ್ಲಿ ಕೂತಿತು.

ಮರುದಿನ ಮಾರುಕಟ್ಟೆಯ ಶಟರುಗಳು ಒಂದೊಂದಾಗಿ ಏಳುವ ಮುಂಚೆಯೇ ಆಕೆ ಮೇಜಿಗೆ ಕೂತಿದ್ದಳು. ಕಾರ್ಡಿಗೆ ಕೆಲಸ ಕೊಟ್ಟಳು. ಗೋಲ ತಿರುಗಿತು, ಮೂರು ಬಂತು. ಈ ಸಲ ಆಕೆ ಮೂರನ್ನು ಬಿಟ್ಟು ಇಡೀ ಸಾಲನ್ನು ಎಡದಿಂದ ಬಲಕ್ಕೆ ಓದಿದಳು. ಮೂರರ ಪಕ್ಕದಲ್ಲಿ ಎಂಟು ಇತ್ತು.

ಅದು ದಾರಿಗಳ ಸಂಖ್ಯೆ. ಪ್ರೊಸೆಸರಿನಿಂದ ಆ ಸ್ಲಾಟಿಗೆ ಹದಿನಾರು ದಾರಿಗಳಿರುತ್ತವೆ, ಒಂದು ಅಗಲವಾದ ರಸ್ತೆಯಲ್ಲಿ ಹದಿನಾರು ಸಾಲು ವಾಹನ ಓಡುವ ಹಾಗೆ. ಇಲ್ಲಿ ಓಡುತ್ತಿದ್ದದ್ದು ಎಂಟೇ ಸಾಲು. ಗೋಲವನ್ನು ನಿಲ್ಲಿಸಿದಳು. ಮೂರು ಹೋಗಿ ಒಂದು ಬಂತು. ಎಂಟು ಎಂಟಾಗಿಯೇ ಉಳಿಯಿತು. ಆಕೆ ರಟ್ಟು ಬರೆದ ದಿನವೂ ಅದು ಅಲ್ಲೇ ಇತ್ತು. ಟೈ ಸಾಹೇಬ ಗೋಲ ತಿರುಗಿಸಿದಾಗಲೂ ಅಲ್ಲೇ ಇತ್ತು. ಒಬ್ಬಳು ಒಂದನ್ನು ನೋಡಿದಳು, ಇನ್ನೊಬ್ಬ ಮೂರನ್ನು ತೋರಿಸಿದ. ಎಂಟರ ಕಡೆಗೆ ಇಬ್ಬರ ಕಣ್ಣೂ ಹೋಗಲಿಲ್ಲ.

ಈ ಸಲ ಆಕೆ ಕುರ್ಚಿಯಿಂದ ಹಾರಲಿಲ್ಲ. ಅಣ್ಣನನ್ನೂ ಕರೆಯಲಿಲ್ಲ. ಕಾರ್ಡೇ ಕೆಟ್ಟು ಎಂಟು ತೋರಿಸುತ್ತಿರಬಹುದು. ಹಸಿರಿನವರದೇ ದುಬಾರಿ ಬೋರ್ಡೊಂದು ಪರೀಕ್ಷೆಗೆಂದು ಬಂದು ಕೂತಿತ್ತು. ಅದರ ಹಂಚುವ ಚಿಪ್‌ಗಳು ಹೊಸ ತಲೆಮಾರಿನವು. ಅದೇ ಪ್ರೊಸೆಸರ್, ಅದೇ ಕಾರ್ಡು ಅದಕ್ಕೆ ಹಾಕಿದಳು. ಮೂರು, ಹದಿನಾರು. ಮತ್ತೆ ಮೊದಲಿನ ಬೋರ್ಡಿಗೆ ತಂದಳು. ಮೂರು, ಎಂಟು. ಪೆಟ್ಟಿಗೆಯಿಂದ ಅದೇ ಬಗೆಯ ಇನ್ನೊಂದು ಬೋರ್ಡು ತೆಗೆದು ಹಾಕಿದಳು. ಮೂರು, ಎಂಟು. ಆಗ ಚಿತ್ರ ಸ್ಪಷ್ಟವಾಯಿತು. ಎಂಟು ದಾರಿಗಳು ಪ್ರೊಸೆಸರಿನಿಂದ ನೇರವಾಗಿ ಸ್ಲಾಟಿಗೆ ಬರುತ್ತವೆ. ಅವು ಹೊಸ ವೇಗಕ್ಕೆ ಓಡುತ್ತವೆ. ಉಳಿದ ಎಂಟು ಆ ನಾಲ್ಕು ಹಳೆಯ ಚಿಪ್‌ಗಳ ಮೂಲಕ ಬರಬೇಕು. ಅವು ಹೊಸ ವೇಗ ತಾಳಲಾರದೆ ಕೈಬಿಡುತ್ತವೆ. ವೇಗ ಎರಡರಷ್ಟು, ದಾರಿ ಅರ್ಧ. ಒಟ್ಟು ಹಿಡಿದರೆ ಹಳೆಯದೆಷ್ಟೋ ಅಷ್ಟೇ.

ಅಣ್ಣ ಬಂದು ಶಟರು ಎತ್ತುವ ಹೊತ್ತಿಗೆ ಆಕೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಎಲ್ಲಿಗೆ?"

"ನೀರಿನ ಮೇಡಂ ಹತ್ರ. ತಪ್ಪು ಹೇಳಿದೆ ಅಂತ ಹೇಳೋಕೆ."

"ಫೋನು ಮಾಡಿದ್ರಾಯ್ತಲ್ಲೇ?"

"ತಪ್ಪು ಹೇಳಿದ್ದು ಫೋನಲ್ಲಿ. ಸರಿ ಹೇಳೋದನ್ನ ಎದುರಿಗೆ ಹೇಳ್ತೀನಿ."

ನೀರಿನ ಮೇಡಮ್ಮರ ಕಚೇರಿ ಒಂದು ಹಳೆಯ ಕಟ್ಟಡದ ಮೂಲೆಯಲ್ಲಿ. ಗೋಡೆ ತುಂಬ ಬೀದಿಗಳ ನಕ್ಷೆ, ಅವುಗಳ ಮೇಲೆ ನೀಲಿಯ ಗಾಢ, ತೆಳು ಪದರಗಳು. ಕೆಂಪು ಬೋರ್ಡುಗಳಿಗೆ ಅವರು ಅವತ್ತೇ ಆರ್ಡರು ಕಳಿಸುವವರಿದ್ದರು. ನೋಡಕ್ಕ ಕೂರದೆಯೇ ಮಾತು ಮುಗಿಸಿದಳು. ಮೊದಲು ತನ್ನ ತಪ್ಪು, ಆಮೇಲೆ ಮೂರು, ಆಮೇಲೆ ಎಂಟು.

ಮೇಡಂ ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ಕುಟ್ಟಿದರು. "ಅಂದ್ರೆ ಹದಿನಾರು ಕೊಳವೆ ಇರೋ ಕಡೆ ಎಂಟು ಮುಚ್ಚಿ, ಉಳಿದ ಎಂಟರಲ್ಲಿ ಒತ್ತಡ ಜೋರು ಮಾಡಿದ ಹಾಗೆ. ಬಕೆಟ್ಟು ತುಂಬೋ ಹೊತ್ತು ಅಷ್ಟೇ."

"ಅಷ್ಟೇ ಮೇಡಂ. ಅದು ಒಂದು ಕಾರ್ಡಿಗೆ. ನಿಮಗೆ ಬೇಕಾಗಿರೋದು ಎರಡು. ಎರಡು ಹಾಕಿದಾಗ ಏನಾಗುತ್ತೆ ಅಂತ ನಾನಿನ್ನೂ ನೋಡಿಲ್ಲ. ಅದಕ್ಕೆ ಆರ್ಡರು ಒಂದೆರಡು ದಿನ ತಡೀರಿ ಅಂತ ಕೇಳೋಕೆ ಬಂದೆ."

"ಏನಾಗಬಹುದು ಅಂತ ಅಂದಾಜು ಇರ್ಬೇಕಲ್ಲ?"

"ಅಂದಾಜು ಇದೆ. ಹೋದ ಸಲ ಅಂದಾಜು ಹಿಡ್ಕೊಂಡೇ ನೋಡಿ ಕೆಟ್ಟೆ. ಈ ಸಲ ಹೇಳಲ್ಲ."

ಮೇಡಂ ನಕ್ಕರು. "ಪರೀಕ್ಷೆಗೆ ನಾನೂ ಬರ್ತೀನಿ. ನನ್ನ ಲೆಕ್ಕದ ಪ್ರೋಗ್ರಾಮನ್ನೇ ಓಡಿಸಿ ನೋಡೋಣ. ಗೋಲ ತಿರುಗಿಸಿದ್ರೆ ನನಗೇನು ಬಂತು?"

ಎರಡನೇ ಕಾರ್ಡಿಗೆ ನೋಡಕ್ಕ ಕೇಳಿದ್ದು ಟೈ ಸಾಹೇಬನನ್ನೇ. ಅಣ್ಣನಿಗೆ ಇದು ನಂಬಲಾಗಲಿಲ್ಲ. "ಅವನ ಬೋರ್ಡಿನ ಹುಳುಕು ತೋರಿಸೋಕೆ ಅವನ ಹತ್ರಾನೇ ಕಾರ್ಡು ಕೇಳ್ತೀಯಾ?" ಆದರೆ ಟೈ ಸಾಹೇಬ ಕಾರ್ಡು ಹಿಡಿದುಕೊಂಡು ಖುಷಿಯಿಂದಲೇ ಬಂದ. ತಾನು ಗೆದ್ದವನೆಂಬ ಭಾವ ಅವನಲ್ಲಿ ಇನ್ನೂ ಬಿಸಿಯಾಗಿತ್ತು.

ಹಿಂದಿನ ಕೋಣೆಯಲ್ಲಿ ನಾಲ್ವರು ಹಿಡಿಸುವುದು ಕಷ್ಟ. ಅಣ್ಣ ಪೆಟ್ಟಿಗೆಗಳ ಮೇಲೆ ಕೂತ. ಮೇಡಂ ಕುರ್ಚಿಯಲ್ಲಿ. ಟೈ ಸಾಹೇಬ ಕಾಲು ಮಡಚಲು ಜಾಗವಿಲ್ಲದೆ ನಿಂತೇ ಇದ್ದ. ನೋಡಕ್ಕ ಮೊದಲು ಒಂದೇ ಕಾರ್ಡು ಹಾಕಿ, ಕೆಲಸ ಕೊಟ್ಟು, ಪರದೆಯ ಮೇಲೆ ಎಂಟನ್ನು ಬೆರಳಿಟ್ಟು ತೋರಿಸಿದಳು.

ಟೈ ಸಾಹೇಬ ಬಗ್ಗಿದ. ಇನ್ನೂ ಬಗ್ಗಿದ. "ಇದು... ಕಾರ್ಡು ಸರಿಯಾಗಿ ಕೂತಿರಲ್ಲ ಮೇಡಂ."

"ನೀವೇ ಕೂರಿಸಿ ಸಾರ್."

ಅವನು ತೆಗೆದು, ಊದಿ, ಒತ್ತಿ ಕೂರಿಸಿದ. ಎಂಟು. ತನ್ನ ಕಾರ್ಡು ಹಾಕಿದ. ಎಂಟು. ದುಬಾರಿ ಬೋರ್ಡಿಗೆ ಹಾಕಿದ. ಹದಿನಾರು. ಅಣ್ಣ ಪೆಟ್ಟಿಗೆಯ ಮೇಲಿಂದಲೇ "ಊದಿದ್ದಕ್ಕೆ ಜಾಸ್ತಿ ಆಯ್ತೇನೋ" ಎಂದ. ಯಾರೂ ನಗದಿದ್ದಾಗ ತಾನೇ ಗಂಟಲು ಸರಿಮಾಡಿಕೊಂಡ.

ಈಗ ಎರಡೂ ಕಾರ್ಡು. ಮೇಡಂ ತಮ್ಮ ಪ್ರೋಗ್ರಾಂ ಓಡಿಸಿದರು. ಎರಡು ಫ್ಯಾನುಗಳೂ ಒಟ್ಟಿಗೆ ಸುಯ್ಗುಟ್ಟಿದವು. ಮೊದಲ ಸ್ಲಾಟಿನಲ್ಲಿ ಮೂರು, ಎಂಟು. ಎರಡನೆಯದರಲ್ಲಿ ಎರಡು, ಎಂಟು.

ನೋಡಕ್ಕ ಯಂತ್ರ ಆರಿಸಿದಳು. ಕಾರ್ಡುಗಳನ್ನು ಅದಲುಬದಲು ಮಾಡಿದಳು. ಅಂಕಿಗಳು ಸ್ಲಾಟಿನ ಜೊತೆಗೇ ಉಳಿದವು, ಕಾರ್ಡಿನ ಜೊತೆ ಹೋಗಲಿಲ್ಲ. ಆಮೇಲೆ ಹೇಳಿದಳು: "ಎರಡು ಕಾರ್ಡು ಹಾಕಿದ್ರೆ ಯಾವ ಬೋರ್ಡಲ್ಲೂ ಒಂದೊಂದಕ್ಕೆ ಎಂಟೇ ದಾರಿ, ಅದು ಸಹಜ. ಇಲ್ಲಿ ಮೊದಲನೇದಕ್ಕೆ ಪೂರ್ತಿ ಹೊಸ ವೇಗ ಸಿಗ್ತಿದೆ. ಎರಡನೇದು ಹಳೇ ಚಿಪ್ ದಾಟಿ ಬರ್ಬೇಕು, ಅದಕ್ಕೆ ಹಳೇ ವೇಗ. ಒಂದೇ ಕಾರ್ಡು ಹಾಕೋರಿಗೆ ಏನೂ ಲಾಭ ಇಲ್ಲ. ಎರಡು ಹಾಕೋರಿಗೆ ಅರ್ಧ ಲಾಭ ಇದೆ. ನೀವು ಪೂರ್ತಿ ಅಂದ್ರಿ ಸಾರ್, ಅವರು ಏನೂ ಇಲ್ಲ ಅಂದ್ರು. ನಾನೂ ಏನೂ ಇಲ್ಲ ಅಂತ ಬರೆದು ನೇತುಹಾಕಿದೆ. ಮೂವರೂ ತಪ್ಪು."

ಟೈ ಸಾಹೇಬ ಕೊರಳಪಟ್ಟಿಯ ಗಂಟಿಗೆ ಬೆರಳು ಹಾಕಿ ಸಡಿಲಿಸಿದ. ಅವನು ಹಾಗೆ ಮಾಡಿದ್ದನ್ನು ಆ ಮಹಡಿಯಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. "ಮೇಡಂ, ಸ್ಟಿಕರಿನ ಮೇಲೆ ಸಿದ್ಧ ಅಂತ ಇದೆ. ಪೂರ್ತಿ ಅಂತ ಎಲ್ಲೂ ಇಲ್ಲವಲ್ಲ."

"ಓದೋರು ಪೂರ್ತಿ ಅಂತಾನೇ ಓದ್ಕೋತಾರೆ ಸಾರ್. ನೀವೂ ಹಾಗೇ ಓದಿದ್ರಿ. ಇಲ್ದಿದ್ರೆ ಮೊನ್ನೆ ಅಷ್ಟು ಸಿಟ್ಟು ಮಾಡ್ಕೊಂಡು ಬರ್ತಿರ್ಲಿಲ್ಲ."

ಅವನು ಒಳ್ಳೆಯ ಮನುಷ್ಯ, ತನಗೆ ಹೇಳಿಕಳಿಸಿದ್ದನ್ನು ನಂಬಿ ಬಂದವನು. "ಅಂಟಿಸದೆ ಇದ್ರೆ ವಿತರಕರ ಮಾತು ನನ್ನ ಕೈ ಮೀರುತ್ತೆ. ಕೆಳಗಿನ ಮಹಡಿಯವರಿಗೆ ಹೋಗುತ್ತೆ" ಎಂದ, ಬೇಸರದಿಂದಲೇ.

ನೋಡಕ್ಕ ಅಣ್ಣನ ಕಡೆ ತಿರುಗಿದಳು. ಕೌಂಟರು ಅವನದು; ಈ ಮಾತನ್ನು ತಾನೊಬ್ಬಳೇ ಆಡುವುದು ಸರಿಯಲ್ಲ. ಅಣ್ಣ ಪೆಟ್ಟಿಗೆಗಳ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದ. ಮುಖ್ಯ ವಿತರಕ ಎಂಬ ಫಲಕವನ್ನು ಎಲ್ಲಿ ಹಾಕಬೇಕೆಂದು ಅವನು ಜಾಗ ಕೂಡ ಗುರುತು ಮಾಡಿಟ್ಟಿದ್ದ ಎಂದು ಆಕೆಗೆ ಗೊತ್ತಿತ್ತು.

"ನಾನು ಬಾಯಲ್ಲಿ ಏನು ಬೇಕಾದ್ರೂ ಮಾರ್ತೀನಿ ಸಾರ್" ಎಂದ ಅಣ್ಣ ಕೊನೆಗೆ. "ಆದ್ರೆ ಹಿಂದಿನ ಕೋಣೇಲಿ ಇವಳು ನೋಡಿರ್ತಾಳೆ ಅನ್ನೋ ಧೈರ್ಯದ ಮೇಲೆ ನನ್ನ ಬಾಯಿ ಓಡೋದು. ಎಂಟನ್ನ ನಾನೂ ಕಣ್ಣಾರೆ ಕಂಡೆ. ಇನ್ನು ಹದಿನಾರು ಅಂತ ಹೇಳೋಕೆ ಹೋದ್ರೆ ನಾಲಿಗೆ ತೊದಲುತ್ತೆ." ಸುರುಳಿಯನ್ನು ಟೈ ಸಾಹೇಬನ ಕೈಗೆ ವಾಪಸು ಕೊಟ್ಟ.

ಮೇಡಂ ಅಷ್ಟು ಹೊತ್ತೂ ತಮ್ಮ ಪ್ರೋಗ್ರಾಂ ಕಡೆಗೇ ಕಣ್ಣಿಟ್ಟಿದ್ದರು. "ನನ್ನ ಲೆಕ್ಕದಲ್ಲಿ ಹೆಚ್ಚಿನ ಮಾಹಿತಿ ಮೊದಲನೇ ಕಾರ್ಡಿಗೇ ಹೋಗೋದು. ಎರಡನೇದು ತನ್ನ ಪಾಡಿಗೆ ಕೂತು ಲೆಕ್ಕ ಮಾಡುತ್ತೆ. ನನಗೆ ಈ ಬೋರ್ಡೇ ಸಾಕು. ಕೆಂಪಿನದು ಬೇಡ, ದುಬಾರಿಯದೂ ಬೇಡ. ಮೂರು ಯಂತ್ರ ಇದರಲ್ಲೇ ಮಾಡಿ" ಎಂದರು. ಟೈ ಸಾಹೇಬನ ಮುಖ ನೋಡುವಂತಿತ್ತು. ಬೋರ್ಡು ಮಾರಾಟವಾಯಿತು, ಸ್ಟಿಕರು ಉಳಿಯಿತು.

ಆ ಸಂಜೆ ನೋಡಕ್ಕ ಹೊಸ ರಟ್ಟು ಹುಡುಕಿ ತಂದಳು. ಅಣ್ಣ ಕೈಚಾಚಿದ. "ಕೊಡಿಲ್ಲಿ. ನಿನ್ನ ಅಕ್ಷರ ಓದೋಕೆ ಇನ್ನೊಂದು ಭೂತಗನ್ನಡಿ ಬೇಕು. ಏನು ಬರೀಲಿ?"

"ಮೊದಲು ಬರಿ: ಹಿಂದೆ ಇಲ್ಲಿ ಬರೆದದ್ದು ತಪ್ಪು."

ಪೆನ್ನು ಅರ್ಧದಲ್ಲಿ ನಿಂತಿತು. "ತಪ್ಪು ಅಂತ ಯಾರಾದ್ರೂ ಅಂಗಡಿ ಮುಂದೆ ಬರೆದು ಹಾಕ್ತಾರೇನೇ? ಸರಿಯಾದ್ದು ಮಾತ್ರ ಬರೆದ್ರೆ ಸಾಲ್ದಾ?"

"ತಪ್ಪೂ ಇಲ್ಲೇ ನೇತಾಡ್ತಿತ್ತು ಅಣ್ಣ. ಅದನ್ನ ಓದಿ ಹೋದೋರು ಮತ್ತೆ ಬಂದಾಗ ಇದೂ ಕಾಣ್ಬೇಕು."

ಅಣ್ಣ ಬರೆದ. ಮುತ್ತಿನಂಥ ಅಕ್ಷರದಲ್ಲಿ ತಪ್ಪು ಎಂಬ ಪದವೂ ಅಂದವಾಗಿಯೇ ಕಂಡಿತು. ಕೆಳಗೆ ಒಂದು ಕಾರ್ಡಿಗೆ ಏನು, ಎರಡಕ್ಕೆ ಏನು ಎಂದು ಎರಡು ಸಾಲು. ಅದರ ಫೋಟೊ ತೆಗೆದು ನೋಡಕ್ಕ ಅದೇ ವೇದಿಕೆಗೆ ಹಾ‌ಕಿದಳು. ಮೊದಲಿನ ಫೋಟೊಗೆ ಓಡಿಬಂದವರು ಇದಕ್ಕೆ ಬರಲಿಲ್ಲ. ಕೆಂಪಿನವರಿಗೆ ಇದರಿಂದ ಉಪಯೋಗವಿರಲಿಲ್ಲ, ಹಸಿರಿನವರಿಗೂ ಇರಲಿಲ್ಲ. ಒಬ್ಬ ಮಾತ್ರ "ನೋಡಕ್ಕನಿಗೂ ಕಣ್ಣು ಮಂಜಾಯಿತೇ?" ಎಂದು ಕಿಚಾಯಿಸಿದ. ಆಕೆ ಅದಕ್ಕೆ "ಮಂಜಾಗಿತ್ತು. ಒರೆಸಿಕೊಂಡು ಮತ್ತೆ ನೋಡಿದೆ" ಎಂದು ಉತ್ತರ ಬರೆದು ಕೆಲಸಕ್ಕೆ ಕೂತಳು.

ಮುಖ್ಯ ವಿತರಕ ಎಂಬ ಫಲಕ ಕೆಳಗಿನ ಮಹಡಿಯಲ್ಲಿ ಏರಿತು. ಅಣ್ಣ ಮೆಟ್ಟಿಲಿಳಿಯುವಾಗ ಕೆಲವು ದಿನ ಅತ್ತ ಮುಖ ಮಾಡದೆ ನಡೆದ. ಆಮೇಲೆ ರೂಢಿಯಾಯಿತು.

ಹೊಸ ಪ್ರೊಸೆಸರ್, ಕಾರ್ಡುಗಳು ಮಾರಾಟಕ್ಕೆ ಬಂದು ನೀರಿನ ಮೇಡಮ್ಮರ ಮೂರು ಯಂತ್ರಗಳೂ ಸಿದ್ಧವಾದ ದಿನ, ನೋಡಕ್ಕ ಕೊನೆಯದರ ತಗಡು ಬಿಚ್ಚಿ ಮೇಜಿನ ಮೇಲೆ ಮಲಗಿಸಿದಳು. ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು ಬರೆದಳು: "ನೋಡಿದೆ: ಎರಡೂ ಕಾರ್ಡು, ಕೆಲಸ ಮಾಡುತ್ತಿರುವಾಗ. ಮೊದಲನೆಯದು ಮೂರು, ಎಂಟು. ಎರಡನೆಯದು ಎರಡು, ಎಂಟು." "ಕೆಲಸ ಮಾಡುತ್ತಿರುವಾಗ" ಎಂಬುದರ ಕೆಳಗೆ ಗೆರೆ ಎಳೆದಳು. ಸ್ವಲ್ಪ ಯೋಚಿಸಿ ಎರಡನೇ ಸಾಲು ಬರೆದಳು: "ನೋಡಿಲ್ಲ: ಬೇಸಿಗೆಯ ಸೆಕೆಯಲ್ಲಿ, ದಿನವಿಡೀ ಓಡಿದಾಗ."

ಭುಜದ ಮೇಲಿಂದ ಓದುತ್ತಿದ್ದ ಅಣ್ಣ ನಿಟ್ಟುಸಿರು ಬಿಟ್ಟ. "ಬೇಸಿಗೇಲಿ ಅವರ ಕಚೇರಿಗೆ ಹೋಗಿ ಅದನ್ನೂ ನೋಡ್ತೀಯಾ?"

"ಬೇಸಿಗೆ ಬರ್ಲಿ" ಎಂದು ಆಕೆ ತಗಡನ್ನು ಎತ್ತಿ ಜಾಗಕ್ಕೆ ಕೂರಿಸಿ, ಮಂಜುಗಡ್ಡೆಯ ತಟ್ಟೆಯಿಂದ ಸ್ಕ್ರೂ ಆರಿಸತೊಡಗಿದಳು.